ಗಾಳಿ ಹಾಕುವ ಹುಡುಗ

ಚಿತ್ರದುರ್ಗ, ಸಂತೆಪೇಟೆ, ಖಾದರ್ ಉಸ್ತಾದರ ಸೈಕಲ್ ಶಾಪು.
ಬಾಡಿಗೆ ಗಂಟೆಗೆ ಎರಡಾಣೆ, ಗಾಳಿ ಪುಗಸಟ್ಟೆ.
ಪಂಪು ಒತ್ತುವವರು ಇಬ್ಬರು: ನಾನು, ಪಾಲಯ್ಯ.

ಟ್ಯೂಬು ತೂತಾದರೆ ನಾನು ಬೋಗುಣಿ ನೀರಲ್ಲಿ ಅದ್ದಿ
ಗುಳ್ಳೆ ಏಳುವುದನ್ನು ಕಾಯುವೆ.
ಅವನು ನೀರು ಮುಟ್ಟಲೊಲ್ಲ.
ಟ್ಯೂಬನ್ನು ಕೆನ್ನೆಗೆ ಒತ್ತಿ, ಕಣ್ಣು ಮುಚ್ಚಿ,
ನಿದ್ದೆಹೋದ ಕೂಸನ್ನು ಎತ್ತಿಕೊಂಡವನಂತೆ
ತಿರುಗಿಸುತ್ತ, ತಿರುಗಿಸುತ್ತ,
‘ಇಲ್ಲೈತೆ ನೋಡು’ ಎನ್ನುವನು.
ಅಲ್ಲೇ ಇರುತ್ತಿತ್ತು.
ಸೂಜಿಮೊನೆಯಷ್ಟು ಸೋರಿಕೆ,
ಸಂತೆಯ ಗದ್ದಲದಲ್ಲಿ ಅವನೊಬ್ಬನಿಗೇ ಕೇಳುವಂಥದ್ದು.

ವಾಯುಪಡೆ ಸೇರಿದ ಸುದ್ದಿಗೆ ಪೇಟೆಯೇ ಬಾಯಿಬಿಟ್ಟಿತು.
ಆಕಾಶದಲ್ಲಿ ಏನೇ ಸದ್ದಾದರೂ ಅವನವ್ವ ದುರುಗಮ್ಮ
ಸೆರಗು ಸರಿಮಾಡಿಕೊಂಡು ಅಂಗಳಕ್ಕೆ ಬರುವಳು:
‘ನಮ್ ಹುಡ್ಗ ಇರಬೌದು.’
ಉಸ್ತಾದರು ಮಾತ್ರ ಬೀಡಿ ಕಚ್ಚಿಕೊಂಡೇ ನಕ್ಕರು:
‘ವಾಯು ಅಂದ್ರೆ ಗಾಳಿ ತಾನೇ?
ಇಲ್ಲಿ ಕಲ್ತಿದ್ದೇ ಅಲ್ಲಿ.’

ಅವರ ಮಾತೇ ನಿಜವಾಯ್ತು. ಮೊದಲ ಕಾಗದದಲ್ಲಿ ಬರೆದಿದ್ದ:
‘ಇಲ್ಲೂ ಗಾಳಿ ಹಾಕೋದೇ ಕೆಲಸ. ಟೈರು ಮಾತ್ರ ದೊಡ್ಡವು,
ಒಂದು ಚಕ್ರ ಎತ್ತೋಕೆ ಇಬ್ಬರು ಬೇಕು.
ಸಾಹೇಬರು ಹತ್ತುತ್ತಾರೆ, ಹೋಗುತ್ತಾರೆ.
ನಾವು ನೆಲದವರು ನೆಲದಲ್ಲೇ ನಿಂತು ಎಣಿಸುತ್ತೀವಿ,
ಎಷ್ಟು ಹೋದವು, ಎಷ್ಟು ಬಂದವು.’

ಓದುವುದು ನನ್ನ ಪಾಲಿಗೆ.
ಉಸ್ತಾದರಿಗೆ ಕನ್ನಡದ ಅಕ್ಷರ ಬಾರದು,
ದುರುಗಮ್ಮನಿಗೆ ಯಾವ ಅಕ್ಷರವೂ.
ಬೆಂಚಿನ ಮೇಲೆ ಅವರಿಬ್ಬರು, ಎದುರಿಗೆ
ಏಳನೇ ಕ್ಲಾಸು ಪಾಸಾದ ನನ್ನ ಗಂಟಲು.

ಎಪ್ಪತ್ತೊಂದರ ದೀಪಾವಳಿಗೆ ಬಂದ ಕಾಗದ.
ಮಡಿಕೆಯ ಅಂಚಿನಲ್ಲಿ, ಇರುವೆಸಾಲಿನ ಹಾಗೆ:
‘ಇಂಜಿನ್ ಸದ್ದಿಗೆ ಎಡಗಿವಿ ಹೋದಂಗೈತೆ,
ಬಲದ್ದೂ ಅಷ್ಟಕ್ಕಷ್ಟೆ.
ಡಾಕ್ಟರಿಗೆ ಹೇಳಿದ್ರೆ ಮನೆಗೆ ಕಳಿಸ್ತಾರೆ.
ಈ ಸಾಲು ಓದಬ್ಯಾಡ, ದಾಟಿಸು.’

ದಾಟಿಸಿದೆ.
‘ಅಷ್ಟೇನಾ?’ ಎಂದಳು ದುರುಗಮ್ಮ.
‘ಅಷ್ಟೇ’ ಎಂದೆ.

ಡಿಸೆಂಬರಿನಲ್ಲಿ ತಂತಿ ಬಂತು, ಇಂಗ್ಲಿಷಿನಲ್ಲಿ.
ಪೋಸ್ಟ್ ಮಾಸ್ತರರು ಓದಿದರು. ಕನ್ನಡ ಸಿಗದೆ
ಕನ್ನಡಕ ತೆಗೆದು ಒರೆಸುತ್ತ ನಿಂತರು.

ಆಮೇಲೆ ಚಿಕ್ಕಜಾಜೂರಿನಲ್ಲಿ ರೈಲು ಬದಲಿಸಿ
ಒಂದು ಟ್ರಂಕು ಬಂತು, ಬಿಳಿ ಬಣ್ಣದಲ್ಲಿ ಹೆಸರು.
ಎರಡು ಅಂಗಿ, ಒಂದು ಸ್ವೆಟರು,
ನಮ್ಮ ಶಾಪಿನಿಂದ ಎತ್ತಿಕೊಂಡು ಹೋಗಿದ್ದ ಹತ್ತು ನಂಬರಿನ ಸ್ಪ್ಯಾನರು.
ಉಸ್ತಾದರು ಅದನ್ನು ಅದರ ಮೊಳೆಗೇ ನೇತುಹಾಕಿ
‘ಕಳ್ ನನ್ಮಗ’ ಎಂದರು.
ಎರಡು ದಿನ ಇನ್ನೊಂದು ಮಾತಿಲ್ಲ.

ಸಾರ್ಜೆಂಟೊಬ್ಬರು ಬರೆದು ತಿಳಿಸಿದ್ದು ಇಷ್ಟು:
ರಾತ್ರಿ, ವಿಮಾನಕ್ಕೆ ಚಕ್ರ ಕೂರಿಸುತ್ತಿದ್ದ.
ಸೈರನ್ನು ಕೂಗಿತು. ಎಲ್ಲರೂ ಕಂದಕಕ್ಕೆ ಹಾರಿದರು.
ಅವನು ಹಾರಲಿಲ್ಲ.
ಕೊನೆಯ ನಟ್ಟು ಬಾಕಿಯಿತ್ತು, ಬಿಗಿಯುತ್ತಲೇ ಇದ್ದ.

ಊರು ಅವನನ್ನು ವೀರ ಎಂದಿತು.

ಈಗ ಹೈಸ್ಕೂಲಿನ ಗೋಡೆಗೆ ಚಿತ್ರ ಬರೆಸಿದ್ದಾರೆ:
ಪೈಲಟ್ಟಿನ ಟೋಪಿ, ಹಿಂದೆ ಮೋಡ, ಮೋಡದಲ್ಲೊಂದು ಜೆಟ್ಟು.
‘ಅವ ಹಾರಿದವನಲ್ಲ ಸಾರ್, ಫಿಟ್ಟರು’ ಎಂದೆ.
‘ಇರಲಿ ಬಿಡಿ ತಾತ, ಮಕ್ಕಳಿಗೆ ಚೆನ್ನಾಗಿ ಕಾಣುತ್ತೆ.’
ಚೆನ್ನಾಗಿಯೇ ಕಾಣುತ್ತೆ.
ಎರಡು ಕಿವಿಯೂ ಟೋಪಿಯೊಳಗೆ.

ಕೇಳಿಯೂ ನಿಂತನೋ, ಕೇಳದೆ ನಿಂತನೋ.
ಐವತ್ತು ವರ್ಷ ಮಿಕ್ಕಿತು.
ಎರಡೂ ಇರಬಹುದು, ಅಂದುಕೊಂಡು ಮಲಗುತ್ತೇನೆ;
ನಡುರಾತ್ರಿ ಒಂದೇ ಇರುತ್ತದೆ.
ಆ ಸಾಲನ್ನು ಅಂದು ಗಟ್ಟಿಯಾಗಿ ಓದಿದ್ದರೆ
ದುರುಗಮ್ಮ ರೈಲು ಹತ್ತಿ ಹೋಗಿ
ಕಿವಿ ಹಿಡಿದು ಎಳೆದು ತರುತ್ತಿದ್ದಳು.
ಅವಳೂ ಹೋದಳು,
‘ಅಷ್ಟೇನಾ’ ಎಂಬುದನ್ನು ನನ್ನ ಹತ್ತಿರ ಬಿಟ್ಟು.

ಜೋಗಿಮಟ್ಟಿಯ ಸಾಲಿನಲ್ಲಿ ಗಾಳಿಯಂತ್ರಗಳು ನಿಂತಿವೆ.
ಅವನಿದ್ದಿದ್ದರೆ ಮೊದಲು ಕೇಳುತ್ತಿದ್ದುದು:
‘ಅದುಕ್ಕೆ ಗ್ರೀಸು ಹಚ್ಚೋರು ಯಾರಲೇ?’

ಸೈಕಲ್ಲು ಬರುವುದು ಈಗ ಅಪರೂಪ. ಬಂದರೆ
ಗಿರಾಕಿ ಚಾಕ್ಕೆ ಹೋದ ಮೇಲೆ ಬೋಗುಣಿ ಸರಿಸಿ
ಟ್ಯೂಬನ್ನು ಕೆನ್ನೆಗೆ ಒತ್ತಿಕೊಳ್ಳುತ್ತೇನೆ.
ಒಮ್ಮೊಮ್ಮೆ ಕೇಳಿದಂತಾಗುತ್ತದೆ. ‘ಇಲ್ಲೈತೆ.’
ನೀರಲ್ಲಿ ಅದ್ದಿದರೆ ಅಲ್ಲಿಲ್ಲ,
ಗುಳ್ಳೆ ಬೇರೆಲ್ಲೋ ಏಳುತ್ತಿರುತ್ತದೆ.